ಅತ್ತೆಗೆ ಹೇಳಬಾರದ ಪಾಸ್‌ವರ್ಡ್

ಇನ್ನು ಈ ಮನೆಯಲ್ಲಿ ವಿಂಡೋಸ್‌ಗೆ ಜಾಗವಿಲ್ಲ ಎಂದು ನಾನು ಘೋಷಿಸಿದ್ದು ಒಂದು ಶನಿವಾರ ಬೆಳಿಗ್ಗೆ, ತಿಂಡಿಗೆ ಮಾಡಿದ ಪುಟ್ಟು, ಕಡಲೆ ಸಾರು ತಿಂದು ಕೈ ತೊಳೆದ ಮೇಲೆ. ಇಂಥ ಐತಿಹಾಸಿಕ ಘೋಷಣೆಗೆ ಸಭಿಕರಾಗಿ ಇದ್ದವರು ಒಬ್ಬರೇ, ನನ್ನ ಹೆಂಡತಿಯ ತಾಯಿ. ಎಪ್ಪತ್ತನಾಲ್ಕು ವರ್ಷದ ಅವರನ್ನು ನಾವೆಲ್ಲ ಅಮ್ಮಚ್ಚಿ ಎನ್ನುತ್ತೇವೆ; ಅವರಿಗೆ ನಾನು 'ಮೋನೇ', ಅಂದರೆ ಮಗ. ವಿಂಡೋ ಎಂದರೆ ಅವರಿಗೆ ಗೊತ್ತಿದ್ದದ್ದು ಗೋಡೆಯ ಕಿಟಕಿಯೊಂದೇ. "ಎಲ್ಲಾ ಕಿತ್ತುಬಿಟ್ರೆ ಮಳೆಗಾಲದಲ್ಲಿ ಎರಚಲು ಹೊಡೆಯಲ್ವಾ ಮೋನೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೀನು ತೊಳೆಯಲು ಹೋದರು.

ನಮ್ಮ ಕಂಪ್ಯೂಟರಿಗೆ ಹನ್ನೊಂದು ವರ್ಷ. ಹೊಸ ವಿಂಡೋಸನ್ನು ಹೊರುವ ತ್ರಾಣ ಇದಕ್ಕಿಲ್ಲ, ಹೊಸ ಯಂತ್ರವೇ ತಗೊಳ್ಳಿ ಎಂದು ಅಂಗಡಿಯವನು ಕೈ ಚೆಲ್ಲಿದ್ದ. ನಾನು ಕೇರಳದ ತೊಡುಪುಳದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತ, ಹೆಸರು ಕುರುವಿಳ. ಹೆಂಡತಿ ಲಿಸ್ಸಿ ಕಾಸರಗೋಡಿನ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಆರು ವರ್ಷಗಳಿಂದ ನಮ್ಮ ದಾಂಪತ್ಯ ನಡೆಯುತ್ತಿದ್ದದ್ದು ರೈಲಿನ ವೇಳಾಪಟ್ಟಿಯ ಪ್ರಕಾರ. ಹದಿನೈದು ದಿನಕ್ಕೊಮ್ಮೆ, ಅದೂ ತಡವಾಗಿ. ಹೋದ ಸಲ ಬಂದಾಗ ಅವಳು ಸ್ಕೂಲಿನಿಂದ, ವಿಂಡೋಸಿನ ಬದಲಿಗೆ ಪುಕ್ಕಟೆಯಾಗಿ ಹಾಕಿಕೊಳ್ಳಬಹುದಾದ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ತಂದು ಬೀರುವಿನಲ್ಲಿಟ್ಟಿದ್ದಳು. ನನ್ನನ್ನು ಅವಳು ಕರೆಯುವುದು ಇಚ್ಚಾಯ ಎಂದು. "ನಮ್ಮಲ್ಲಿ ಐದನೇ ಕ್ಲಾಸಿನ ಮಕ್ಕಳು ಇದನ್ನ ನೀರು ಕುಡಿದ ಹಾಗೆ ಉಪಯೋಗಿಸ್ತವೆ. ಆದ್ರೂ ಇಚ್ಚಾಯ, ನೀವು ಮುಟ್ಟಬೇಡಿ. ಮುಂದಿನ ಸಲ ಬಂದು ನಾನೇ ಹಾಕ್ತೀನಿ" ಎಂದಿದ್ದಳು.

ಆ 'ಆದ್ರೂ' ನನ್ನನ್ನು ಚುಚ್ಚಿತು. ಐದನೇ ಕ್ಲಾಸಿಗಿಂತ ನಾನು ಕಡಿಮೆಯೇ?

ಕಡತಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಟ್ಟುಕೊಂಡು, ಶಿಲುಬೆಯ ಗುರುತು ಹಾಕಿಕೊಂಡು, ಪೆನ್‌ಡ್ರೈವ್ ಚುಚ್ಚಿದೆ. ಅದು ಯಾವ ಭಾಷೆ ಎಂದು ಕೇಳಿತು, ಯಾವ ಊರು ಎಂದು ಕೇಳಿತು, ಹೆಸರು ಕೇಳಿತು. ನಲವತ್ತು ನಿಮಿಷಕ್ಕೆ ಎಲ್ಲಾ ಮುಗಿದು ಶುಭ್ರವಾದ ಪರದೆ ಕಣ್ಣೆದುರು ನಿಂತಿತು. ಕತ್ತಿ ಹಿರಿದು ಕೋಟೆಗೆ ನುಗ್ಗಿದವನಿಗೆ ಶತ್ರುವೇ ಬಾಗಿಲು ತೆರೆದು ಚಹಾ ಕೊಟ್ಟಂತಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ನಿರಾಶೆಯೂ ಆಯಿತು.

ಮರುದಿನದಿಂದ ನಾನು ಬೋಧಕನಾದೆ. ಕಚೇರಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ, ಕೈಗೆ ಸಿಕ್ಕವರಿಗೆಲ್ಲ ಲಿನಕ್ಸಿನ ಮಹಿಮೆ ಹೇಳಿದೆ. ಯಾರು ಬೇಕಾದರೂ ಉಪಯೋಗಿಸಬಹುದು ಎನ್ನುತ್ತಿದ್ದೆ. ಯಾರು ಬೇಕಾದರೂ ಎಂಬುದರಲ್ಲಿ ನನ್ನ ಅತ್ತೆಯೂ ಸೇರುತ್ತಾರೆಂಬುದು ಹೊಳೆದಿರಲಿಲ್ಲ.

ಅಮ್ಮಚ್ಚಿ ಕುಟ್ಟನಾಡಿನವರು, ಮುನ್ನೂರು ಬಾತುಕೋಳಿ ಸಾಕಿ ಮಕ್ಕಳನ್ನು ಓದಿಸಿದವರು. ಲಿನಕ್ಸಿನ ಗುರುತಾದ ಆ ಹೊಟ್ಟೆ ದಪ್ಪದ ಪೆಂಗ್ವಿನನ್ನು ಕಂಡು ಅವರು ಹೆದರುವ ಪ್ರಶ್ನೆಯೇ ಇರಲಿಲ್ಲ. ಮೂರು ದಿನದಲ್ಲಿ ಇಸ್ಪೀಟಾಟ ಕಲಿತರು. ವಾರದಲ್ಲಿ ಕಂಪ್ಯೂಟರಿನಲ್ಲೇ ಇಗರ್ಜಿಯ ಬಲಿಪೂಜೆ ನೋಡತೊಡಗಿದರು, ಲಿಸ್ಸಿಗೆ ಮೇಲ್ ಕಳಿಸಿದರು. ನಾನು ಕಚೇರಿಯಿಂದ ಬಂದು ಹಿಂದೆ ನಿಂತರೆ "ಇದೊಂದು ಆಟ ಮುಗಿಸಿಬಿಡ್ತೀನಿ ಮೋನೇ" ಎನ್ನುವರು. ಆ ಆಟ ರಾತ್ರಿಯ ಗಂಜಿಯ ಹೊತ್ತಿಗೆ ಮುಗಿಯುತ್ತಿತ್ತು. ಮಂಡಿಯ ಆಪರೇಷನ್ನಿಗೆಂದು ಎರಡು ತಿಂಗಳಿಗೆ ಬಂದವರು ಅವರು. ಬಂದು ಎರಡು ವರ್ಷವಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಅವರು ಮಲಗಿದ್ದಾಗ ನಾನು ಇಗರ್ಜಿಯ ಪತ್ರಿಕೆಗೆ ಲಿನಕ್ಸ್ ಕುರಿತು ಮಲಯಾಳದಲ್ಲಿ ಲೇಖನ ಬರೆಯುತ್ತಿದ್ದೆ. ಅರ್ಧದಲ್ಲಿ ಒಂದು ದುರ್ಬುದ್ಧಿ ಹುಟ್ಟಿತು. ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದರೆ ಹೇಗೆ? ಯಾರಿಗೂ ಊಹಿಸಲಾಗದ್ದು, ನನಗೆ ಎಂದೂ ಮರೆಯದ್ದು ಇರಬೇಕು. ಎರಡು ವರ್ಷದಿಂದ ನನ್ನ ಮನಸ್ಸಿನಲ್ಲಿ ಸುತ್ತುತ್ತಿದ್ದ ವಾಕ್ಯ ಒಂದೇ. ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಅದನ್ನೇ ಒತ್ತಿದೆ: ಅಮ್ಮಚ್ಚಿ ಯಾವಾಗ ಹೋಗ್ತಾರೆ. ಪರದೆಯ ಮೇಲೆ ಬರೀ ಚುಕ್ಕಿಗಳು ಬಿದ್ದವು. ಇನ್ನೊಮ್ಮೆ ಒತ್ತು ಎಂದಿತು, ಒತ್ತಿದೆ. ಯಂತ್ರ ಆರಿಸಿ ನೆಮ್ಮದಿಯಾಗಿ ಮಲಗಿದೆ.

ಮರುದಿನ ಸೋಮವಾರ. ಲಿಸ್ಸಿಯ ವರ್ಗಾವಣೆಯ ಅರ್ಜಿಗೆ ಕೊನೆಯ ದಿನ. ತಾಯಿಯನ್ನು ನೋಡಿಕೊಳ್ಳಬೇಕು ಎಂಬ ಕಾರಣ ಕೊಟ್ಟು ಊರಿಗೆ ವರ್ಗ ಕೇಳಿದ್ದಳು. ಅಮ್ಮಚ್ಚಿಯ ವೈದ್ಯಕೀಯ ಪ್ರಮಾಣಪತ್ರದ ಮೂಲಪ್ರತಿ ಅಂಚೆಯಲ್ಲಿ ಹೋಗಿಯಾಗಿತ್ತು; ಅದರ ನಕಲನ್ನು ಐದು ಗಂಟೆಯೊಳಗೆ ಆನ್‌ಲೈನಿನಲ್ಲಿ ಸೇರಿಸಬೇಕಿತ್ತು. ನಕಲು ಇದ್ದದ್ದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ. ಶನಿವಾರವೇ ಕಳಿಸಿಬಿಡಿ ಎಂದು ಲಿಸ್ಸಿ ಅಂಗಲಾಚಿದ್ದಳು. ಒಂದು ನಿಮಿಷದ ಕೆಲಸ, ಸೋಮವಾರ ಮೂರಕ್ಕೆ ಮನೆಗೆ ಬಂದು ಮಾಡ್ತೀನಿ ಎಂದಿದ್ದೆ. ಮೂರಕ್ಕೆ ಏಕೆಂದರೆ, ಅಂದು ಬೆಳಿಗ್ಗೆ ಕೋಟ್ಟಯಂನಲ್ಲಿ ನೌಕರರ ಸಂಘದವರು ನನ್ನ ಭಾಷಣ ಇಟ್ಟಿದ್ದರು. ವಿಷಯ, ಲಿನಕ್ಸ್ ಎಷ್ಟು ಸುಲಭ.

ಭಾಷಣ ಅಮೋಘವಾಗಿತ್ತು. ಊಟವೂ. ಹಿಂದಿರುಗುವಾಗ ಪಾಲಾದ ಹತ್ತಿರ ಮೆರವಣಿಗೆಯೊಂದು ಎದುರಾಗಿ ಬಸ್ಸು ನಿಂತಿತು. ಮೂರೂವರೆ ಆಯಿತು. ನಾಲ್ಕಾಯಿತು. ಕೆಂಪು ಬಾವುಟಗಳು ಮುಗಿದರೆ ಬ್ಯಾಂಡು ಬಂತು, ಬ್ಯಾಂಡು ಮುಗಿದರೆ ಮಹಿಳಾ ಘಟಕ ಬಂತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ನಾಲ್ಕು ಗಂಟೆ ಐದು ನಿಮಿಷಕ್ಕೆ ಲಿಸ್ಸಿಯ ಫೋನ್ ಬಂತು. ಅವಳು ಕೂಗಾಡಲಿಲ್ಲ, ಅದೇ ನನಗೆ ಭಯ ಹುಟ್ಟಿಸಿತು. "ಇಚ್ಚಾಯ, ಈ ವರ್ಷ ತಪ್ಪಿದ್ರೆ ಇನ್ನು ಮೂರು ವರ್ಷ ಕೇಳೋ ಹಾಗಿಲ್ಲ. ಅಮ್ಮಂಗೆ ಹೇಳಿ ನನಗೆ ಮೇಲ್ ಮಾಡಿಸಿ, ಇಲ್ಲಿ ಸ್ಕೂಲಿಂದಲೇ ಹಾಕ್ತೀನಿ" ಎಂದಳು.

ಅಮ್ಮನಿಗೆ ಹೇಳಿ! ಹೇಳಬಹುದಿತ್ತು, ಆ ಪಾಸ್‌ವರ್ಡೊಂದು ಇಲ್ಲದಿದ್ದರೆ.

ಪಕ್ಕದ ಸೀಟಿನಲ್ಲಿ ಕಾನ್ವೆಂಟಿನ ವಯಸ್ಸಾದ ಸಿಸ್ಟರ್ ಒಬ್ಬರು ಜಪಮಣಿ ಹಿಡಿದು ಕೂತಿದ್ದರು. ಅವರ ಕಡೆಗೆ ಬೆನ್ನು ತಿರುಗಿಸಿ ಮನೆಗೆ ಫೋನ್ ಮಾಡಿದೆ. ವಿಷಯ ಹೇಳುತ್ತಲೇ ಅಮ್ಮಚ್ಚಿ ಕಂಪ್ಯೂಟರಿನ ಮುಂದೆ ಕೂತರು. ಬೆಳಿಗ್ಗೆಯಿಂದ ಇದು ಏನೋ ಕೇಳುತ್ತಿದೆ, ಕೆಟ್ಟಿದೆ ಅಂದುಕೊಂಡೆ ಎಂದರು. ನಾನು ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳತೊಡಗಿದೆ. ಅಕ್ಷರವಾಗಿ ಹೇಳಿದರೆ ವಾಕ್ಯವಾಗಿ ತಿಳಿಯಲಿಕ್ಕಿಲ್ಲ ಎಂಬುದೊಂದೇ ಆಸೆ. ಆದರೆ ಅಮ್ಮಚ್ಚಿ ಅಚ್ಚುಕಟ್ಟಿನ ಹೆಂಗಸು. ಎಲ್ಲವನ್ನೂ ಮೊದಲು ಕ್ಯಾಲೆಂಡರಿನ ಹಿಂದೆ ಬರೆದುಕೊಂಡು, ಕನ್ನಡಕ ಸರಿಪಡಿಸಿಕೊಂಡು, ಜೋರಾಗಿ ಕೂಡಿಸಿ ಓದಿದರು.

ಪೆನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

"ಎಲ್ಲಿಗೆ?" ಎಂದರು.

ಅದಕ್ಕೆ ಎರಡು ಉತ್ತರವಿತ್ತು. ಒಂದು ಎರಾಟುಪೇಟೆಯಲ್ಲಿರುವ ಅವರ ಹಿರಿಯ ಮಗನ ಮನೆ. ಇನ್ನೊಂದನ್ನು ಬಾಯಿಂದ ಆಡುವಂತಿಲ್ಲ. ಎರಡನ್ನೂ ಹೇಳದೆ ನಾನು "ಮೊದಲು ಒತ್ತಿ ಅಮ್ಮಚ್ಚಿ, ನಾಲ್ಕೂ ಇಪ್ಪತ್ತಾಯ್ತು" ಎಂದು ಗೋಗರೆದೆ.

ಒತ್ತಿದರು. ತಪ್ಪು ಎಂದಿತಂತೆ. ಮತ್ತೆ ಒತ್ತಿದರು, ಮತ್ತೆ ತಪ್ಪು. ಎದುರಿಗೆ ಇನ್ನೊಂದು ಬ್ಯಾಂಡಿನ ಸದ್ದು ಏರಿತು. ಅಕ್ಷರ ಏನಾದರೂ ಬಿಟ್ಟಿರಬೇಕು, ಇಡಿಯಾಗಿ ಹೇಳು ಎಂದರು ಅಮ್ಮಚ್ಚಿ. ನಾನು ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದೆ. ಕೇಳಿಸಲಿಲ್ಲ ಎಂದರು. ಇನ್ನೂ ಜೋರಾಗಿ ಹೇಳಿದೆ. ಅದೇ ಕ್ಷಣಕ್ಕೆ ಬ್ಯಾಂಡು ಗಕ್ಕನೆ ನಿಂತುಬಿಡಬೇಕೆ! "ಅಮ್ಮಚ್ಚಿ ಯಾವಾಗ ಹೋಗ್ತಾರೆ" ಎಂಬ ನನ್ನ ಆರ್ತನಾದ ಬಸ್ಸಿನ ಮುಂಬಾಗಿಲಿಂದ ಹಿಂಬಾಗಿಲವರೆಗೆ ಮೊಳಗಿತು.

ಸಿಸ್ಟರ್ ನನ್ನ ತೋಳು ಮುಟ್ಟಿದರು. ಅವರ ಕಣ್ಣು ತುಂಬಿತ್ತು. "ಯಾವ ಆಸ್ಪತ್ರೆ ಮೋನೇ? ಡಾಕ್ಟ್ರು ಕೈಬಿಟ್ರಾ?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಒಳ್ಳೆಯ ಮರಣಕ್ಕಾಗಿ ಪ್ರಾರ್ಥನೆ ಶುರುವಾಯಿತು. ಹಿಂದಿನ ಸೀಟಿನವರು ಧ್ವನಿಗೂಡಿಸಿದರು. ಕಂಡಕ್ಟರ್ ಟೋಪಿ ತೆಗೆದ. ಆ ಮರಣದ ಪ್ರಾರ್ಥನೆಯೆಲ್ಲ ಫೋನಿನ ಮೂಲಕ ಅಮ್ಮಚ್ಚಿಯ ಕಿವಿಗೆ ಹೋಗುತ್ತಿತ್ತು. ಅವರು ಅರ್ಧ ನಿಮಿಷ ಕೇಳಿದರು.

"ಅವರಿಗೆಲ್ಲ ಆಮೇಲೆ ಥ್ಯಾಂಕ್ಸ್ ಹೇಳು. ಈಗ ಇಲ್ಲಿ ಕೇಳು. ಪರದೆ ಮೂಲೇಲಿ ಸಣ್ಣದಾಗಿ ಇಂಗ್ಲಿಷ್ ಅಂತಿದೆ. ಬೀಗ ಹಾಕುವಾಗ ನೀನು ಏನು ಬರೀತಿದ್ದೆ?"

ಮಲಯಾಳದ ಲೇಖನ ಎಂದೆ. ಹೇಳುತ್ತಿದ್ದಂತೆಯೇ ನನಗೂ ಹೊಳೆಯಿತು. ಆಗ ಕೀಲಿಮಣೆ ಇನ್ನೂ ಮಲಯಾಳದಲ್ಲೇ ಇತ್ತು; ನಾನು ಇಂಗ್ಲಿಷ್ ಎಂದುಕೊಂಡು ಒತ್ತಿದ್ದಕ್ಕೆಲ್ಲ ಮೂಡಿದ್ದು ಮಲಯಾಳದ ಅಕ್ಷರ. ಚುಕ್ಕಿಗಳ ಹಿಂದೆ ಬಿದ್ದದ್ದು ನನ್ನ ವಾಕ್ಯವಲ್ಲ, ಯಾವ ಭಾಷೆಯಲ್ಲೂ ಅರ್ಥವಿಲ್ಲದ ಅಕ್ಷರಗಳ ಗುಡ್ಡೆ. ಅಷ್ಟರಲ್ಲಿ ಅಮ್ಮಚ್ಚಿ ಮೂಲೆಯನ್ನು ಒತ್ತಿ ಮಲಯಾಳಕ್ಕೆ ತಿರುಗಿಸಿ, ಅವೇ ಕೀಲಿಗಳನ್ನು ಮತ್ತೆ ಒತ್ತಿದ್ದರು. "ತೆರೀತು" ಎಂದು ಫೋನ್ ಇಟ್ಟರು.

ನಾಲ್ಕೂ ಐವತ್ತೆರಡಕ್ಕೆ ಅರ್ಜಿ ಸೇರಿತು ಎಂದು ಲಿಸ್ಸಿ ಅಳುತ್ತ ಹೇಳಿದಳು. ನಾನು ಮನೆಗೆ ಮುಟ್ಟಿದಾಗ ಕತ್ತಲಾಗಿತ್ತು. ಅಮ್ಮಚ್ಚಿ ಮರಗೆಣಸು, ಮೀನು ಸಾರು ಬಡಿಸಿದರು. ಕ್ಷಮೆ ಕೇಳಲು ಬಾಯಿ ತೆರೆದಾಗಲೆಲ್ಲ ಇನ್ನೊಂದು ಸೌಟು ಸಾರು ಹಾಕಿದರು. ಬೈದಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಮುಂದಿನ ಮೂರು ವಾರ ನಾನು ಪ್ರತಿ ಫೋನ್ ಗಂಟೆಗೂ ಬೆಚ್ಚಿದೆ. ತಾಯಿ ಮಗಳು ಮಾತಾಡುವಾಗ ಬಾಗಿಲ ಹಿಂದೆ ನಿಂತೆ. ಲಿಸ್ಸಿಗೆ ಅವರು ಹೇಳಿರಲಿಲ್ಲ. ಯಾವಾಗ ಹೇಳುತ್ತಾರೋ ಎಂಬುದು ಹೇಳುವುದಕ್ಕಿಂತ ಘೋರವಾಗಿತ್ತು. ಅಷ್ಟರಲ್ಲಿ ಪತ್ರ ಬಂತು. ಅರ್ಜಿಯಲ್ಲಿರುವುದು ನಿಜವೇ ಎಂದು ನೋಡಲು ಶಿಕ್ಷಣ ಇಲಾಖೆಯ ಅಧಿಕಾರಿ ಮನೆಗೇ ಬರುತ್ತಾರಂತೆ.

ಬಂದರು. ಶಶಿಧರನ್ ಎಂಬ ಮಿತಭಾಷಿ. ಅಮ್ಮಚ್ಚಿ ಆ ದಿನ ಕೋಲನ್ನೂ ಮರೆತು ಮನೆತುಂಬ ಓಡಾಡುತ್ತಿದ್ದರು. ಇವರಿಗೆ ಆರೈಕೆ ಬೇಕೆಂದರೆ ಯಾರು ನಂಬುತ್ತಾರೆ? ನಾನೇ ಚಹಾ ಮಾಡಿಕೊಟ್ಟೆ. ಸಕ್ಕರೆಯೆಂದು ಉಪ್ಪು ಹಾಕಿದ್ದೆ. ರೇಷನ್ ಕಾರ್ಡ್ ಕೇಳಿದರೆ ವಿದ್ಯುತ್ ಬಿಲ್ಲು ತಂದೆ. ಪ್ರಮಾಣಪತ್ರ ತೋರಿಸಿ ಎಂದರೆ ಮೂರು ಸಲ ಪಾಸ್‌ವರ್ಡ್ ತಪ್ಪಾಗಿ ಒತ್ತಿದೆ. ಅಮ್ಮಚ್ಚಿ ನನ್ನನ್ನು ಮೆಲ್ಲಗೆ ಕುರ್ಚಿಯಿಂದ ಎಬ್ಬಿಸಿ, ತಾವು ಕೂತು, ಪತ್ರ ತೆರೆದು ತೋರಿಸಿದರು, ರೇಷನ್ ಕಾರ್ಡ್ ಕೊಟ್ಟರು, ಬೇರೆ ಚಹಾ ತಂದರು. ನಾನುಟ್ಟ ಮುಂಡು ಪಂಚೆ ತಿರುವುಮುರುವಾಗಿದೆ ಎಂದು ಕಿವಿಯಲ್ಲಿ ಹೇಳಿದರು. ಶಶಿಧರನ್ ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿ, ಅಂಗಳದಲ್ಲಿ ಅಮ್ಮಚ್ಚಿಯೊಬ್ಬರ ಜೊತೆ ಏನೋ ಮಾತಾಡಿ ಹೋದರು. ಎಲ್ಲಾ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಮೇ ತಿಂಗಳಲ್ಲಿ ವರ್ಗಾವಣೆಯ ಆದೇಶ ಬಂತು, ಅದರ ಹಿಂದೆಯೇ ಪೆಟ್ಟಿಗೆಗಳ ಸಮೇತ ಲಿಸ್ಸಿ ಬಂದಳು. ಆದೇಶಕ್ಕೆ ಅಧಿಕಾರಿಯ ವರದಿ ಲಗತ್ತಾಗಿತ್ತು. ಅವಳು ಗಟ್ಟಿಯಾಗಿ ಓದಿದಳು. ಈ ಮನೆಯಲ್ಲಿ ಒಬ್ಬರನ್ನು ಒಂಟಿಯಾಗಿ ಬಿಡುವ ಸ್ಥಿತಿ ಇಲ್ಲ, ಹತ್ತಿರದವರು ಸದಾ ಜೊತೆಗಿರುವುದು ಅತ್ಯಗತ್ಯ ಎಂಬುದು ಖುದ್ದು ಭೇಟಿಯಿಂದ ದೃಢಪಟ್ಟಿದೆ.

ಓದಿದವಳೇ ತಾಯಿಯನ್ನು ಅಪ್ಪಿಕೊಂಡಳು. "ಇಷ್ಟು ಕಷ್ಟ ಇತ್ತು ಅಂತ ನನಗೊಂದು ಮಾತು ಹೇಳಲಿಲ್ಲವಲ್ಲ ಅಮ್ಮ."

ಅಮ್ಮಚ್ಚಿ ಮಗಳ ತಲೆ ಸವರಿದರು. "ಅದು ನಾನಲ್ಲ ಮೋಳೇ" ಎಂದರು. "ಆ ಸಾರ್ ಬರೆದಿರೋದು ನಿನ್ನ ಗಂಡನ ವಿಷಯ."