ಶ್ರುತಿಪೆಟ್ಟಿಗೆಗೊಂದು ಕಾನೂನು

ಈ ದೇಶದಲ್ಲಿ ಹೆಲ್ಮೆಟ್ಟಿಗೆ ಕಾನೂನಿದೆ, ಪ್ಲಾಸ್ಟಿಕ್ ಚೀಲಕ್ಕೆ ಕಾನೂನಿದೆ, ಲೋಕಲ್ ಟ್ರೇನಿನಲ್ಲಿ ಎಲ್ಲಿ ಉಗುಳಬಾರದು ಎಂಬುದಕ್ಕೂ ಕಾನೂನಿದೆ. ಆದರೆ ಕರೆಂಟಿನಿಂದ ನಡೆಯುವ ಪದಾರ್ಥ ಕನಿಷ್ಠ ಇಷ್ಟು ದಪ್ಪಗಿರಬೇಕು, ಅದಕ್ಕೊಂದು ತಿರುಗಿಸುವ ಗುಂಡಿ ಇರಬೇಕು, ಸೆಲ್ ಹಾಕುವುದಕ್ಕೊಂದು ಗೂಡಿರಬೇಕು ಎನ್ನುವ ಕಾನೂನು ಮಾತ್ರ ಇಲ್ಲ. ಇದ್ದಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ.

ನಾನು ಶ್ರೀನಿ. ಊರು ಮೈಸೂರು, ವಾಸ ಡೊಂಬಿವಲಿ ಈಸ್ಟ್, ಕೆಲಸ ಮಹಾಪೆಯ ಕಂಪನಿಯೊಂದರಲ್ಲಿ. ಇದೆಲ್ಲ ಶುಕ್ರವಾರದವರೆಗಿನ ಮಾತು. ಶನಿವಾರ, ಭಾನುವಾರ ನನ್ನ ಹುದ್ದೆಯೇ ಬೇರೆ: ಶ್ರುತಿವಾಹಕ. ನನ್ನ ಹೆಂಡತಿ ಅಲಮೇಲು ನಮ್ಮ ಕಡೆಯ ದೇವರನಾಮ ಮಂಡಳಿಯ ಮುಖ್ಯ ಗಾಯಕಿ. ಮಂಡಳಿ ಹಾಡುವಲ್ಲೆಲ್ಲ ಅವಳ ಶ್ರುತಿಪೆಟ್ಟಿಗೆ ಇರಬೇಕು. ಶ್ರುತಿಪೆಟ್ಟಿಗೆ ಇರುವಲ್ಲೆಲ್ಲ ಅದನ್ನು ಹೊತ್ತ ನಾನಿರಬೇಕು. ಅಂಬರನಾಥದಿಂದ ಥಾಣೆಯವರೆಗೆ ನಾನು ಅದನ್ನು ಹೊತ್ತು ಇಳಿಯದ ಸ್ಟೇಷನ್ನಿಲ್ಲ.

ಪೆಟ್ಟಿಗೆ ಎಂದರೆ ಕರಿಯ ಬಣ್ಣದ, ಎರಡು ಇಟ್ಟಿಗೆ ಜೋಡಿಸಿದಷ್ಟು ಗಾತ್ರದ ಎಲೆಕ್ಟ್ರಾನಿಕ್ ಪೆಟ್ಟಿಗೆ. ಮುಂದುಗಡೆ ದಪ್ಪ ದಪ್ಪ ಗುಂಡಿಗಳು, ಹಿಂದುಗಡೆ ದೊಡ್ಡ ಸೆಲ್ಲುಗಳ ಗೂಡು, ಪಕ್ಕದಲ್ಲಿ ಯಾರ ಮನೆಯ ಪ್ಲಗ್ಗಿಗಾದರೂ ಹೊಂದುವ ವೈರು. ಹಾಕಿದರೆ ಗುಂಯ್ ಎನ್ನುತ್ತದೆ, ಆರಿಸಿದರೆ ಸುಮ್ಮನಾಗುತ್ತದೆ. (ನಮ್ಮ ಮನೆಯಲ್ಲಿ ಆರಿಸಿದರೆ ಸುಮ್ಮನಾಗುವ ವಸ್ತು ಅದೊಂದೇ.) ಅದರ ಮೂಲೆ ಲೋಕಲಿನಲ್ಲಿ ಎಷ್ಟು ಜನರ ಪಕ್ಕೆಗೆ ತಿವಿದಿದೆಯೋ ಲೆಕ್ಕವಿಲ್ಲ. ಒಮ್ಮೆ ದಿವಾ ಸ್ಟೇಷನ್ನಿನಲ್ಲಿ ನುಗ್ಗಿದ ಜನರ ಒತ್ತಡಕ್ಕೆ ಚೀಲದೊಳಗೇ ಸ್ವಿಚ್ಚು ಬಿದ್ದು, ಪೆಟ್ಟಿಗೆ ತಾನಾಗಿ ನಾದಗೈಯತೊಡಗಿತು.

"ಕಾಕಾ, ಬ್ಯಾಗ್ ಮೇ ಮಧುಮಕ್ಖೀ ಪಾಲಾ ಹೈ ಕ್ಯಾ?" ಎಂದು ಪಕ್ಕದವನೊಬ್ಬ ಕೇಳಿದ. ಇಡೀ ಬೋಗಿ ನಕ್ಕಿತು. ಜೇನು ಸಾಕಿದ್ದೀಯಾ ಎಂದದ್ದಕ್ಕಿಂತ ಕಾಕಾ ಎಂದದ್ದು ನನಗೆ ಹೆಚ್ಚು ನೋಯಿಸಿತು.

ಆ ನೋವಿನಲ್ಲೇ ನನ್ನ ತಲೆಗೆ ಆ ದಿವ್ಯ ಐಡಿಯಾ ಹೊಳೆದದ್ದು. ಮೊಬೈಲಿನಲ್ಲಿ ಹುಡುಕಿದೆ. ಸಿಕ್ಕಿತು, ಅತಿ ತೆಳು ಶ್ರುತಿ ಯಂತ್ರ! ಚಿತ್ರದಲ್ಲಿ ಒಬ್ಬ ಸುಂದರಿ ಅದನ್ನು ಎರಡೇ ಬೆರಳಿನಲ್ಲಿ ಹಿಡಿದು ಆಕಾಶ ನೋಡುತ್ತಿದ್ದಳು. ಆಕಾಶ ಏಕೆ ನೋಡುತ್ತಿದ್ದಳೆಂದು ಆಗ ನಾನು ಯೋಚಿಸಲಿಲ್ಲ. ಪಾರ್ಸೆಲ್ಲು ಬಂದದ್ದು ಥಾಣೆಯ ದೇವರನಾಮ ಸ್ಪರ್ಧೆಯ ಹಿಂದಿನ ದಿನ. ಅಲಮೇಲು ತರಕಾರಿಗೆ ಹೋಗಿದ್ದಳು. ಕೆಳಗೆ ಹಳೇ ಸಾಮಾನು ಕೊಳ್ಳುವ ಭಂಗಾರವಾಲಾ ಕೂಗುತ್ತಿದ್ದ. (ಹೆಸರಿನಲ್ಲಷ್ಟೇ ಬಂಗಾರ, ಗಾಡಿಯ ತುಂಬ ತುಕ್ಕು.) ಹಳೆಯ ಪೆಟ್ಟಿಗೆಯನ್ನು ಅವನ ಗಾಡಿಗೆ ಹಾಕಿ, ಭುಜ ಹಗುರ ಮಾಡಿಕೊಂಡು, ಶಿಳ್ಳೆ ಹೊಡೆಯುತ್ತ ಮೆಟ್ಟಿಲು ಹತ್ತಿದೆ.

ಅಲಮೇಲು ಬಂದವಳು ಟೀಪಾಯಿಯ ಮೇಲೆ ನೋಡಿದಳು.

"ಏನ್ರೀ ಇದು, ಹಪ್ಪಳ?"

"ಶ್ರುತಿ ಕಣೇ! ನಿನಗೆ ಅಂತ ತರಿಸ್ದೆ. ಎಷ್ಟು ತೆಳ್ಳಗಿದೆ ನೋಡು."

"ಗುಂಡಿ ಎಲ್ಲಿ?"

"ಗುಂಡಿ ಇಲ್ಲ. ಮೇಲೆ ಸವರಬೇಕು."

"ಸೆಲ್ ಎಲ್ಲಿ ಹಾಕೋದು?"

"ಸೆಲ್ ಕಾಲ ಹೋಯ್ತು. ಒಳಗೇ ಬ್ಯಾಟರಿ ಇದೆ, ಬಿಚ್ಚೋಕೆ ಬರಲ್ಲ."

ಅವಳು ಸವರಿದಳು. ಏನೂ ಆಗಲಿಲ್ಲ. ಸೆರಗಿಗೆ ಬೆರಳು ಒರೆಸಿಕೊಂಡು ಮತ್ತೆ ಸವರಿದಳು. ಆಮೇಲೆ ಕಿವಿಗೆ ಹಿಡಿದುಕೊಂಡಳು.

"ನಮ್ಮನೆ ಸೊಳ್ಳೆ ಇದಕ್ಕಿಂತ ಜೋರಾಗಿ ಹಾಡತ್ತೆ."

"ತೆಳ್ಳಗಿದೆಯಲ್ಲ, ಒಳಗೆ ಸ್ಪೀಕರಿಗೆ ಜಾಗ ಇಲ್ಲ. ಬೇರೆ ಸ್ಪೀಕರ್ ತಗೊಂಡು ಸೇರಿಸ್ಕೋಬೇಕಂತೆ."

"ಅಂದ್ರೆ ಪೆಟ್ಟಿಗೆ ತೆಳ್ಳಗೆ, ಚೀಲ ದಪ್ಪಗೆ! ಇಂಥದ್ದನ್ನೆಲ್ಲ ಮಾರಬಾರದು ಅಂತ ಸರ್ಕಾರದೋರು ಒಂದು ಕಾನೂನು ಮಾಡಬಾರದಾ?"

ನನಗೆ ಉಪನ್ಯಾಸ ಕೊಡುವುದೆಂದರೆ ಪ್ರಾಣ. ಸೋಫಾದಲ್ಲಿ ನೆಟ್ಟಗೆ ಕುಳಿತು ಆರಂಭಿಸಿದೆ. ತೆಳುವಾಗುವುದೇ ನಾಗರಿಕತೆಯ ಲಕ್ಷಣ, ಟಿವಿ ತೆಳುವಾಯಿತು, ಫೋನು ತೆಳುವಾಯಿತು, ಸರ್ಕಾರ ಗುಂಡಿ ಎಣಿಸಲು ಹೊರಟರೆ ದೇಶ ಎತ್ತಿನ ಗಾಡಿಗೆ ವಾಪಸ್ಸು ಹೋಗುತ್ತದೆ, ಇತ್ಯಾದಿ. ಮಗಳು ಮಾನ್ಯಾ ನನ್ನ ಪಕ್ಷ ವಹಿಸಿದಳು. (ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿಂದ ಬರುವುದು ಮರಾಠಿ.)

"ಮಮ್ಮೀ, ಜ್ಯಾಲಾ ಜೇ ಹವಂ ತೇ ಘೇಊ ದೇ ನಾ! ಕಾಯದಾ ಕಶಾಲಾ?"

ಯಾರಿಗೆ ಯಾವುದು ಬೇಕೋ ಅದನ್ನು ಕೊಳ್ಳಲಿ, ಕಾನೂನು ಯಾಕೆ ಎಂದು ಅವಳ ವಾದ.

"ಕೊಳ್ಳೋಣ ಮಗಳೇ, ದಪ್ಪದ್ದು ಯಾವ ಅಂಗಡೀಲಿದೆ ತೋರಿಸು. ಎಲ್ಲಾ ಕಂಪನಿಯೋರೂ ಒಬ್ಬರನ್ನ ನೋಡಿ ಒಬ್ಬರು ಹಪ್ಪಳ ಮಾಡೋಕೆ ಕೂತ್ಮೇಲೆ, ನನಗೆ ರೊಟ್ಟಿ ಬೇಕು ಅಂದ್ರೆ ಯಾರು ಕೊಡ್ತಾರೆ? ಅದಕ್ಕೇ ಕಾನೂನು ಬೇಕು ಅನ್ನೋದು. ಹೋಗ್ಲಿ ಬಿಡಿ. ನಾಳೆ ನಮ್ಮ ಹಳೇದನ್ನೇ ಒಯ್ಯೋಣ. ಎಲ್ರೀ ಅದು?"

ನಾಗರಿಕತೆಯ ಪ್ರತಿನಿಧಿಯಾದ ನಾನು ಕಿಟಕಿಯ ಕಡೆ ನೋಡಿದೆ. ಭಂಗಾರವಾಲಾನ ಕೂಗು ಅಷ್ಟರಲ್ಲಿ ಕೇಳಿಸದಷ್ಟು ದೂರ ಹೋಗಿತ್ತು. ಮುಂದಿನ ಅರ್ಧ ಗಂಟೆ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುವುದಿಲ್ಲ. ಮಾನ್ಯಾ ಮಾತ್ರ ಪಕ್ಷಾಂತರ ಮಾಡಿದಳು ಎಂದಷ್ಟು ತಿಳಿದರೆ ಸಾಕು.

ಅಲಮೇಲುವಿನ ಸಿಟ್ಟಿಗೆ ಕಾರಣವಿತ್ತು. ಈ ಸ್ಪರ್ಧೆಯಲ್ಲಿ ವರ್ಷವರ್ಷವೂ ವಾಶಿಯ ಮಂಡಳಿಗೆ ಮೊದಲ ಬಹುಮಾನ, ನಮ್ಮವರಿಗೆ ಸಮಾಧಾನಕರ ಬಹುಮಾನ. ಆ ಸಮಾಧಾನದ ಸ್ಟೀಲ್ ತಟ್ಟೆಗಳನ್ನು ನೋಡಿದಾಗಲೆಲ್ಲ ಅವಳ ಸಮಾಧಾನ ಕೆಡುತ್ತದೆ. ಈ ಸಲ ಗೆಲ್ಲಲೇಬೇಕೆಂದು ಮಳೆಗಾಲದಿಂದ ಅಭ್ಯಾಸ ಮಾಡಿಸಿದ್ದಳು. ಬೇರೆ ದಾರಿಯಿಲ್ಲದೆ ಆ ಹಪ್ಪಳವನ್ನೇ ಮೈಕಿನ ಹತ್ತಿರ ಇಟ್ಟು ಹಾಡುವುದೆಂದು ತೀರ್ಮಾನವಾಯಿತು. ರಾತ್ರಿ ನಾನೇ ಅದನ್ನು ಚಾರ್ಜಿಗೆ ಹಾಕಿದೆ.

ಥಾಣೆಯ ಸಭಾಂಗಣದಲ್ಲಿ ನಮ್ಮ ಸರದಿ ಹತ್ತಿರ ಬಂತು. ಅಲಮೇಲು ಸವರಿದಳು. ನಾನು ಸವರಿದೆ. ಮಂಡಳಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಮಂಗಳಾರತಿ ತೆಗೆದುಕೊಳ್ಳುವವರಂತೆ ಸವರಿದರು. ಯಂತ್ರ ಮೌನವ್ರತ ಬಿಡಲಿಲ್ಲ. ಆಗ ನೆನಪಾಯಿತು: ರಾತ್ರಿ ವೈರು ಸಿಕ್ಕಿಸಿದ್ದೆ, ಗೋಡೆಯ ಸ್ವಿಚ್ಚು ಹಾಕಿರಲಿಲ್ಲ. ಚಾರ್ಜಾಗುತ್ತಿದೆ ಎಂದು ತೋರಿಸುವ ಕೆಂಪು ದೀಪವೊಂದಿದ್ದರೆ ಗೊತ್ತಾಗುತ್ತಿತ್ತು. ತೆಳುವಾಗಲೆಂದು ಅದನ್ನೂ ತೆಗೆದುಹಾಕಿದ್ದರು. ಸಭಾಂಗಣದಲ್ಲಿ ಬೇಕಾದಷ್ಟು ಕರೆಂಟಿತ್ತು. ಯಂತ್ರದ ವೈರು ಡೊಂಬಿವಲಿಯಲ್ಲಿತ್ತು. ಅಲ್ಲಿದ್ದವರ ಚಾರ್ಜರುಗಳನ್ನೆಲ್ಲ ಬೇಡಿ ತಂದೆ. ಒಂದೂ ಅದರ ತೂತಿಗೆ ಹೊಂದಲಿಲ್ಲ. ಫೋನಿನಲ್ಲಿ ಶ್ರುತಿ ಹಾಕೋಣವೆಂದರೆ ಫೋನುಗಳನ್ನೆಲ್ಲ ಬಾಗಿಲಲ್ಲೇ ಬುಟ್ಟಿಗೆ ಹಾಕಿಸಿಕೊಂಡಿದ್ದರು, ಹಿಂದಿನ ವರ್ಷ ಯಾರದೋ ರಿಂಗ್‌ಟೋನು ಮಂಗಳದ ಮಧ್ಯೆ ಕುಣಿದಿತ್ತಂತೆ.

ನನ್ನೊಳಗಿನ ಶಾಸಕ ಎಚ್ಚೆತ್ತ. ವೇದಿಕೆಯ ಪಕ್ಕದಲ್ಲೇ ನಿಂತು ಗುಡುಗಿದೆ: "ಇದಕ್ಕೊಂದು ಕಾನೂನು ಬೇಕು! ಪ್ರತಿಯೊಂದು ಯಂತ್ರಕ್ಕೂ ಕೈಗೆ ಸಿಗೋ ಗುಂಡಿ ಇರಬೇಕು, ಕಣ್ಣಿಗೆ ಕಾಣೋ ದೀಪ ಇರಬೇಕು, ಬ್ಯಾಟರಿ ಬಿಚ್ಚೋಕೆ ಬರಬೇಕು! ಯುರೋಪಿನಲ್ಲಿ ಫೋನಿಗೆಲ್ಲ ಒಂದೇ ಪಿನ್ನು ಅಂತ ಕಾನೂನು ಮಾಡಿದಾರೆ. ತೆಳ್ಳಗೆ ಮಾಡಿ ನಮ್ಮ ಕತ್ತು ಕುಯ್ಯೋ ಕಂಪನಿಗಳಿಗೆ ದಂಡ ಹಾಕಬೇಕು!"

ಸ್ಪರ್ಧೆ ನಡೆಸುವ ಸಂಘದ ಕಾರ್ಯದರ್ಶಿ ಜಯಶೀಲ ಶೆಟ್ಟರು ಗಡಿಯಾರ ನೋಡಿಕೊಂಡು ಬಂದರು. "ಕಾನೂನು ಬರ್ಲಿ ಮಾರಾಯ್ರೆ, ಬೇಡ ಹೇಳಿದ್ದು ಯಾರು? ಆದ್ರೆ ಅದು ಪಾಸಾಗುವಷ್ಟರಲ್ಲಿ ನಿಮ್ಮ ಮಂಡಳಿಯ ಟೈಮ್ ಮುಗೀತದೆ. ಈಗ ಎಂತ ಮಾಡುದು ಹೇಳಿ."

"ಕಂಪನಿಗೆ ಆಮೇಲೆ ಮಾಡ್ಲಿ ಶೆಟ್ರೇ," ಎಂದಳು ಅಲಮೇಲು. "ಹೆಂಡತೀನ ಕೇಳ್ದೆ ಮನೆ ಸಾಮಾನು ಭಂಗಾರಕ್ಕೆ ಹಾಕಬಾರದು ಅಂತ ಮೊದಲು ಗಂಡಂದಿರಿಗೆ ಮಾಡ್ಲಿ." ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಆ ಹೊತ್ತಿಗೆ ವಾಶಿ ಮಂಡಳಿಯ ಸಂಯುಕ್ತಾ ಸಕ್ಕರೆಯಂಥ ನಗೆ ನಕ್ಕು ಮುಂದೆ ಬಂದರು. "ಬೇಕಾದ್ರೆ ನಮ್ಮ ಶ್ರುತಿಪೆಟ್ಟಿಗೆ ತಗೊಳ್ಳಿ ಅಲಮೇಲು. ಪಾಪ."

ಆ 'ಪಾಪ' ಇಲ್ಲದಿದ್ದರೆ ಅಲಮೇಲು ತೆಗೆದುಕೊಳ್ಳುತ್ತಿದ್ದಳೋ ಏನೋ. ಅವಳು ಕಣ್ಣೊರೆಸಿಕೊಂಡು ನೆಟ್ಟಗಾದಳು. "ಬೇಡಮ್ಮಾ, ನಮ್ಮದು ಇದೆ," ಎಂದಳು. ಎಲ್ಲಿದೆ ಎಂದು ನಾನು ಸುತ್ತ ನೋಡುವಷ್ಟರಲ್ಲಿ ನನ್ನ ತೋಳು ಹಿಡಿದು ವೇದಿಕೆಯ ಹಿಂದಿನ ಪರದೆಯ ಮರೆಗೆ ಎಳೆದೊಯ್ದು ಕೂರಿಸಿದಳು.

"ರಾತ್ರಿಯೆಲ್ಲ ಒಂದೇ ಶ್ರುತೀಲಿ ಗೊರಕೆ ಹೊಡೀತೀರಲ್ಲ, ಅದನ್ನೇ ಬಾಯಿ ಮುಚ್ಕೊಂಡು ಹೊಡೀರಿ. ಹೂಂ... ಇದು ನನ್ನ ಸಾ. ಹಿಡ್ಕೊಳ್ಳಿ. ಬಿಟ್ರೆ ನೋಡಿ."

ಹಿಡಿದುಕೊಂಡೆ. ಪರದೆಯ ಈಚೆ ಒಂದು ಮೈಕು ತಂದಿಟ್ಟರು. ಆಚೆ ದೇವರನಾಮ ಶುರುವಾಯಿತು, ಈಚೆ ನಾನು ಹೂಂ ಎನ್ನತೊಡಗಿದೆ. ತಾಳದ ಸದ್ದು ಜೋರಾದಾಗ ಕದ್ದು ಉಸಿರೆಳೆದುಕೊಳ್ಳುತ್ತಿದ್ದೆ. ನನ್ನ ಹೊಟ್ಟೆಗೂ ಒಂದು ಉದ್ದೇಶವಿದೆಯೆಂದು ಆವತ್ತೇ ತಿಳಿದದ್ದು, ಅದರಲ್ಲಿ ಬಹಳ ಗಾಳಿ ಹಿಡಿಯುತ್ತದೆ. ಎರಡನೆಯ ಹಾಡಿನಲ್ಲಿ ಸ್ವಲ್ಪ ಇಳಿದೆ. ಕೂಡಲೇ ಪರದೆಯ ಸೀಳಿನಿಂದ ಬಳೆ ತೊಟ್ಟ ಕೈಯೊಂದು ಬಂದು, ತಡಕಾಡಿ, ನನ್ನ ಎಡಗಿವಿಯನ್ನು ಹಿಡಿದು ತಿರುಗಿಸಿತು. ಶ್ರುತಿ ತಟ್ಟನೆ ಏರಿತು. ಮತ್ತೆ ಇಳಿದೆ, ಮತ್ತೆ ತಿರುಗಿಸಿತು. ಕಣ್ಣಲ್ಲಿ ನೀರು ಬಂದರೂ ನಾದ ಬಿಡಲಿಲ್ಲ. ಹಾಡು ಮುಗಿದಾಗ ಚಪ್ಪಾಳೆ ಬಿತ್ತು. ನಾನು ಆಮೇಲೂ ಸ್ವಲ್ಪ ಹೊತ್ತು ಹೂಂಕರಿಸುತ್ತಿದ್ದೆನಂತೆ, ಆರಿಸುವುದನ್ನು ಅಲಮೇಲು ಮರೆತಿದ್ದಳು.

ನಂಬಿ, ನಮ್ಮವರಿಗೆ ಮೊದಲ ಬಹುಮಾನ! ತೀರ್ಪುಗಾರರು ಧಾರವಾಡ ಕಡೆಯ ಹಿರಿಯ ಗಾಯಕರು. ಬಹುಮಾನ ಕೊಟ್ಟು ಮೈಕು ಹಿಡಿದರು.

"ಹಾಡಕಿ ಛಲೋ ಇತ್ತು, ಆದ್ರ ಶ್ರುತಿ ಭಾಳ ಛಲೋ ಇತ್ರೀ. ಈಗಿನ ತೆಳ್ಳನ ಪೆಟ್ಟಿಗ್ಯಾಗ ಈ ತುಂಬು ನಾದ ಬರಂಗಿಲ್ಲ. ದಪ್ಪ ಪೆಟ್ಟಿಗೀನ ಮಾಡ್ರಿ ಅಂತ ಸರಕಾರದವ್ರು ಹುಕುಂ ಮಾಡಬೇಕು ನೋಡ್ರಿ. ತಂಗಿ, ಯಾವ ಕಂಪನೀದದು?"

"ಹಳೇದು ಸರ್," ಎಂದಳು ಅಲಮೇಲು ವಿನಯದಿಂದ. "ಮೈಸೂರು ಕಡೇದು. ಮದುವೇಲಿ ಸಿಕ್ಕಿದ್ದು. ಆ ಮಾಡೆಲ್ ಈಗ ಬರ್ತಾ ಇಲ್ಲ."

ಪರದೆಯ ಹಿಂದೆ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಸಭೆಯಲ್ಲಿ ಹೊಗಳಿದ್ದು ಅದೇ ಮೊದಲು.

ಆ ಹೆಮ್ಮೆ ಮರುದಿನ ಸಂಜೆಯವರೆಗೆ ಬಾಳಿತು. ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದೆ. ಅಲಮೇಲು ಫೋನಿನಲ್ಲಿದ್ದಳು. ಆ ಕಡೆ ವಾಶಿಯ ಸಂಯುಕ್ತಾ. ಪರದೆಯ ಹಿಂದಿನ ಗುಟ್ಟು ಆಗಲೇ ವಾಶಿ ತಲುಪಿತ್ತೆಂದು ಕಾಣುತ್ತದೆ.

"ಶನಿವಾರಕ್ಕಾ? ಅಯ್ಯೋ, ಅದಕ್ಕೇನಂತೆ, ಧಾರಾಳವಾಗಿ ತಗೊಂಡ್ಹೋಗಿ... ಹೊರೋದೇನೂ ಬೇಡಮ್ಮಾ, ಅದೇ ಲೋಕಲ್ ಹತ್ಕೊಂಡು ಬರತ್ತೆ... ಚಾರ್ಜಾ? ಒಂದು ಲೋಟ ಕಾಫಿ ಹಾಕಿದ್ರೆ ಎರಡು ಗಂಟೆ ನಡಿಯತ್ತೆ. ಬೋಂಡಾ ಮಾತ್ರ ಕೊಡಬೇಡಿ, ಬಿಸಿಯಾಗಿ ನಿಂತ್ಹೋಗತ್ತೆ..."

ನಾನು ಒಂದು ಕೈಯಲ್ಲಿ ಶೂ ಹಿಡಿದುಕೊಂಡು ಬೇಡ ಬೇಡ ಎಂದು ಸನ್ನೆ ಮಾಡಿದೆ. ಅವಳು ಈ ಕಡೆ ತಿರುಗಿಯೂ ನೋಡಲಿಲ್ಲ.

"ಹಾಂ, ಇನ್ನೊಂದು ಮಾತು ಸಂಯುಕ್ತಾ. ಶ್ರುತಿ ಇಳಿದ್ರೆ ಬಲಗಿವಿ ತಿರುಗಿಸಿ. ಎಡಗಡೇದು ನಿನ್ನೆಯಿಂದ ಸ್ವಲ್ಪ ಲೂಸಾಗಿದೆ."