ಕಾಕುವಿನ ಹಿಪ್ ಹಾಪ್ ಒಡಪು

ನ್ಯೂಯಾರ್ಕಿನವರು ಧಾರವಾಡದ ಹೆಣ್ಣುಮಕ್ಕಳ ಸೊತ್ತನ್ನು ಕದ್ದಿದ್ದಾರೆ ಎಂದು ನಂಬಿರುವ ಒಬ್ಬಳೇ ಒಬ್ಬಳು ಈ ಭೂಮಿಯ ಮೇಲಿದ್ದರೆ ಅದು ನಮ್ಮ ಕಾಕು! ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ವಾಸ ಸಿಡ್ನಿಯ ಟೂಂಗಾಬಿ, ವಯಸ್ಸು ಅರವತ್ತಮೂರು. ಕಳುವಾದ ಮಾಲು ಯಾವುದು ಅಂತೀರಾ? ನಲವತ್ತು ವರ್ಷದಷ್ಟು ಹಳೆಯ ಒಂದು ಹಿಪ್ ಹಾಪ್ ಹಾಡು.

ತಪ್ಪು ನನ್ನದೇ. ಮೂರು ವರ್ಷಗಳ ಹಿಂದೆ ಒಂದು ಶನಿವಾರ ಅವಳನ್ನು ದಿನಸಿ ಅಂಗಡಿಗೆ ಕರೆದೊಯ್ಯುತ್ತಿದ್ದೆ. ಕಾರಿನ ರೇಡಿಯೋದಲ್ಲಿ ಆ ಹಾಡು ಶುರುವಾಯಿತು.

“ಏ, ಗಾಡಿ ಬಾಜೂಕ ಹಚ್ಚು!”

ಎದೆನೋವೇ ಬಂತೆಂದು ನಾನು ಹೌಹಾರಿ ನಿಲ್ಲಿಸಿದೆ. ಕಾಕು ಡ್ಯಾಶ್‌ಬೋರ್ಡಿನ ಮೇಲೆ ಬೆರಳು ಬಡಿಯುತ್ತಿದ್ದಳು. “ಇಂವ ಒಡಪು ಹೇಳ್ಲಿಕ್ಕತ್ತಾನಲ್ಲೋ!”

ಒಡಪು ಗೊತ್ತಲ್ಲ? ನಮ್ಮ ಕಡೆ ಮದುವೆ, ಸೀಮಂತಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳಬೇಕು. ಹೇಳುವವರೆಗೆ ಉಳಿದವರು ಬಿಡುವುದಿಲ್ಲ. ಕಾಕುವಿನ ವಾದ ಸರಳ. ತಾಳ ಇದೆ, ಪ್ರಾಸ ಇದೆ, ಸುತ್ತ ಜನ ಇದ್ದಾರೆ, ಹೇಳುವವನಿಗೆ ಜಂಬವೂ ಇದೆ. ಇನ್ನೇನು ಬೇಕು? “ಹೆಂಡತಿ ಹೆಸರೊಂದು ಹೇಳಿಲ್ಲ ನೋಡು. ನಾಚಿಕಿ ಇರಬೇಕು, ಪಾಪ,” ಎಂದು ಹಾಡುಗಾರನಿಗೆ ರಿಯಾಯಿತಿಯನ್ನೂ ಕೊಟ್ಟಳು.

ಅಂದಿನಿಂದ ಆ ತಾಳ ಅವಳ ಬೆರಳಿಗೆ ಇಳಿಯಿತು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು! ಹಾಸಿಗೆ ಮಾರುವ ಜಾಹೀರಾತಿನಲ್ಲಿ ಅದೇ ತಾಳ, ಗಣೇಶನ ಹಬ್ಬದಲ್ಲಿ ಮಕ್ಕಳು ಕುಣಿದ ಕನ್ನಡ ಸಿನಿಮಾ ಹಾಡಿನಲ್ಲೂ ಅದೇ ತಾಳ. “ಇದು ಅದರ ಮಗ. ಇದು ಮೊಮ್ಮಗ,” ಎಂದು ವಂಶಾವಳಿ ಬಿಡಿಸುತ್ತಿದ್ದಳು. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವಳು ಥಟ್ಟನೆ ಕೈ ಎತ್ತಿದಳು. ನೋವಾಯಿತೇನೋ ಎಂದು ಆತ ಗಾಬರಿಯಾಗಿ ಡ್ರಿಲ್ ನಿಲ್ಲಿಸಿದ. ಕಾಕು ಗೋಡೆಯ ಸ್ಪೀಕರಿನತ್ತ ಬೆರಳು ತೋರಿಸಿ, “ಡಾಕ್ಟರ್, ಲಿಸನ್! ದಿಸ್ ಈಸ್ ಗ್ರ್ಯಾಂಡ್‌ಸನ್!” ಎಂದಳು. ಆತ ಅಭಿನಂದನೆ ಹೇಳಿದನಂತೆ.

ಇಂಥವಳಿಗೆ ತಾಳ ಹಾಕಲು ಸಿಕ್ಕವರು ಯಾರು? ನಮ್ಮ ಕಾಕಾ, ವಸಂತರಾಯರು! ನಿವೃತ್ತ ಇಂಜಿನಿಯರ್, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಯುಗಾದಿಯ ಕಾರ್ಯಕ್ರಮದಲ್ಲಿ ಅವರು ಸ್ಟೀಲ್ ಡಬ್ಬಿಯೊಂದನ್ನು ಬೋರಲು ಹಾಕಿಕೊಂಡು ಸೇತುವೆಯ ಲೆಕ್ಕ ಮಾಡುವ ಮುಖದಲ್ಲೇ ಬಾರಿಸತೊಡಗಿದರು. ಕಾಕು ಕೈ ಬೀಸುತ್ತ ಹೇಳಿದಳು:

“ಟೂಂಗಾಬಿ ಸ್ಟೇಷನ್ನಿನ್ಯಾಗ ಟಪ್ಪಂತ ತೆಗೀತು ಗೇಟು,
ವಸಂತರಾಯರು ಊಟಾ ಮಾಡಿ ತಾವೇ ತೊಳೀತಾರ ಪ್ಲೇಟು!”

ಸಭೆ ಬಿದ್ದು ಬಿದ್ದು ನಕ್ಕಿತು. ಅಲ್ಲಿಯವರೆಗೆ ಕಾಕಾ ಒಂದು ಚಮಚವನ್ನೂ ತೊಳೆದವರಲ್ಲ. ಮರುದಿನದಿಂದ ತೊಳೆಯತೊಡಗಿದರು. “ಏನು ಮಾಡೂದು, ಪಬ್ಲಿಕ್ ಆಗ್ಯದ,” ಎಂದರು.

ಕಾಕಾ ಹೋಗಿ ಒಂದು ವರ್ಷವಾಯಿತು. ಆಮೇಲೆ ನಡೆದ ಎಲ್ಲ ಸಮಾರಂಭಗಳಿಗೂ ಕಾಕುವನ್ನು ಕರೆದರು, ಪ್ರೀತಿಯಿಂದಲೇ ಉಣಿಸಿದರು. ಒಡಪು ಹೇಳೆಂದು ಮಾತ್ರ ಯಾರೂ ಕೇಳಲಿಲ್ಲ. ಗಂಡ ಇಲ್ಲದವಳನ್ನು ಕೇಳುವ ಪದ್ಧತಿಯಿಲ್ಲ. ಇಂಥ ಪದ್ಧತಿಗಳಿಗೆ ವೀಸಾ ಬೇಡ ನೋಡಿ, ನಮ್ಮ ಜೊತೆಗೇ ವಿಮಾನ ಹತ್ತಿ ಬಂದುಬಿಡುತ್ತವೆ! ಕಾಕುವೂ ತಾನಾಗಿ ಬಾಯಿ ಬಿಡಲಿಲ್ಲ. ಆದರೆ ಬೆರಳು ಕೇಳಬೇಕಲ್ಲ? ಮೇಜು, ಮೊಣಕಾಲು, ಬಸ್ಸಿನ ಕಂಬ, ಎಲ್ಲವನ್ನೂ ಬಡಿಯುತ್ತಲೇ ಇದ್ದವು.

ಹೋದ ತಿಂಗಳು ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ಅವಳ ಮಗಳ ಸೀಮಂತ. ನಾನೇ ಕಾರಿನಲ್ಲಿ ಕರೆದೊಯ್ದೆ. ಹತ್ತು ತಾಸಿನ ದಾರಿಯಲ್ಲಿ ಕಾಕು ಕಿಟಕಿ ಇಳಿಸಿದಳು, ಏರಿಸಿದಳು. ಹಾಡು ಹಾಕು ಎಂದಳು, ಹಾಕಿದರೆ ಬಂದ್ ಮಾಡು ಎಂದಳು. ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಇಳಿದು ಸುತ್ತು ಹಾಕಿದಳು. ಕೊನೆಗೆ ಬಾಯಿ ಬಿಟ್ಟಳು.

“ಒಡಪು ಹೇಳಂದ್ರ ಏನು ಹೇಳ್ಲಿ? ಹೇಳ ಅನ್ನಲಿಲ್ಲಂದ್ರ ಮಾರಿ ಎಲ್ಲಿ ಇಟಗೊಳ್ಲಿ?”

ನಾನು ಆಕ್ಸಿಲರೇಟರ್ ಒತ್ತಿದೆ.

ಹಸಿರು ಸೀರೆಯ ಮಗಳು ಕುರ್ಚಿಯಲ್ಲಿ ಕೂತಿದ್ದಳು. ಆರತಿ ಮುಗಿದು, ಸುತ್ತ ಕೂತ ಹೆಂಗಸರಲ್ಲಿ ಒಡಪು ಒಬ್ಬರಿಂದೊಬ್ಬರಿಗೆ ದಾಟುತ್ತ ಬಂತು. ಬೆಂಗಳೂರಿನ ಹುಡುಗಿಯೊಬ್ಬಳು ಫೋನ್ ನೋಡಿಕೊಂಡು ಓದಿ ಪಾಸಾದಳು. ಮುಂದಿನವಳು ಕಾಕು. ಬೆಳಗಾವಿಯ ಆಂಟಿಯೊಬ್ಬರು ಮೆಲ್ಲಗೆ, “ಅವರನ್ನ ಬಿಡ್ರಿ, ಪಾಪ. ಮುಂದಿನವರು ಹೇಳ್ರಿ,” ಎಂದರು. ಕೆಟ್ಟ ಮನಸ್ಸಿನಿಂದಲ್ಲ, ನೋಯಿಸಬಾರದೆಂದು. ಕಾಕು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು. ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಅವಳ ಬೆರಳು ಸುಮ್ಮನಿದ್ದವು. ನನಗೆ ಸಿಟ್ಟು ಬಂತು: ಆ ಆಂಟಿಯ ಮೇಲೆ, ಪದ್ಧತಿಯ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಬಾಯ್ತುಂಬ ಚಿರೋಟಿ ತುಂಬಿಕೊಂಡು ನಿಂತಿದ್ದ ನನ್ನ ಮೇಲೆ.

“ಮಮ್, ಯುವರ್ ಟರ್ನ್,” ಎಂದಳು ಮಗಳು. ಇಲ್ಲೇ ಹುಟ್ಟಿದವಳು, ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ಬ್ಯಾಡ ಬಿಡು, ನಡೀತದ.”

“ನೋ, ಮಮ್. ಯುವರ್ ಟರ್ನ್.”

ಅವಳು ಕುರ್ಚಿಯ ಕೈ ಮೇಲೆ ಬೆರಳ ಗೆಣ್ಣಿನಿಂದ ತಾಳ ಹಾಕತೊಡಗಿದಳು. ಥೇಟ್ ಕಾಕಾನ ಕೈ! ಕಾಕು ಒಂದು ಗಳಿಗೆ ಮಗಳನ್ನೇ ನೋಡಿದಳು. ಆಮೇಲೆ ಎದ್ದು ನಿಂತಳು.

“ಟೂಂಗಾಬಿಯ ಮನಿಯೊಳಗ ಒಂದು ಖುರ್ಚಿ ಖಾಲಿ,
ವಸಂತರಾಯರ ಹೆಸರು ಹೇಳೂದು ಇವತ್ತಿಗೂ ನನ್ನ ಪಾಳಿ.”

ಬೆಳಗಾವಿಯ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ? ಮಗಳ ಕೈ ಅರ್ಧಕ್ಕೇ ನಿಂತುಹೋಗಿತ್ತು. ಕಾಕು ಮಾತ್ರ ಸೊಂಟದ ಮೇಲೆ ಕೈಯಿಟ್ಟು ಅವಳತ್ತ ತಿರುಗಿದಳು.

“ಯಾಕ ನಿಂದರಿಸಿದಿ? ಬಾರಸು! ಒಂದು ವರ್ಷದ ಒಡಪು ಉಳದಾವ.”