ಹೊಳ್ಳರು ತೆರಿಗೆ ಇಳಿಸಲು ಹೋದದ್ದು

ಕೌನ್ಸಿಲ್ ಟ್ಯಾಕ್ಸಿನ, ಅಂದರೆ ನಗರಸಭೆಯ ಮನೆಗಂದಾಯದ, ಬಿಲ್ ಬಂದದ್ದು ಶುಕ್ರವಾರ. ಆ ಬಿಲ್ಲಿನಿಂದ ಪುರಂದರ ಹೊಳ್ಳರಿಗೆ ವಿಶೇಷ ತೊಂದರೆಯೇನೂ ಆಗಲಿಲ್ಲ. ಪ್ರತಿ ಮಾರ್ಚಿನಲ್ಲೂ ಅದು ಬರುತ್ತದೆ, ಪ್ರತಿ ಮಾರ್ಚಿನಲ್ಲೂ ಒಂದಿಷ್ಟು ಹೆಚ್ಚಿರುತ್ತದೆ, ಹೊಳ್ಳರು ಅದನ್ನು ಫ್ರಿಜ್ಜಿನ ಮೇಲಿಟ್ಟು ಮರೆತುಬಿಡುತ್ತಾರೆ. ತೊಂದರೆ ಶುರುವಾದದ್ದು ಶನಿವಾರ ಬೆಳಿಗ್ಗೆ ಎಂಟೂವರೆಗೆ, ಲಂಡನ್ನಿನ ಕೆಂಟನ್ ಬಡಾವಣೆಯ ಅವರ ಮನೆಯ ಮುಂದೆ, ಕಸದ ಬಿನ್ನನ್ನು ಒಳಗೆಳೆದುಕೊಳ್ಳಲು ಹೋದಾಗ.

ಪಕ್ಕದ ಮನೆಯ ಆನಂದತೀರ್ಥರು ಬೇಲಿಯಾಚೆ ಬಿಲ್ ಹಿಡಿದು ನಿಂತಿದ್ದರು. ಅವರು ಮೈಸೂರಿನ ಕಡೆಯವರು, ಮೂವತ್ತು ವರ್ಷ ಅಕೌಂಟೆಂಟ್ ಆಗಿದ್ದು ನಿವೃತ್ತರಾದವರು. ಈಗ ಅವರ ಲೆಕ್ಕ ಕೇಳುವವರು ಯಾರೂ ಇಲ್ಲದ್ದರಿಂದ, ಬೇಲಿಯ ಹತ್ತಿರ ಸಿಕ್ಕವರಿಗೆಲ್ಲ ಬ್ರಿಟಿಷ್ ಸರ್ಕಾರದ ಲೆಕ್ಕ ಒಪ್ಪಿಸುತ್ತಿದ್ದರು. ಏರಿಕೆ ಐದು ಪರ್ಸೆಂಟಿಗೆ ಒಂದು ಕೂದಲೆಳೆ ಕಡಿಮೆ, ಬಾಟಾ ಚಪ್ಪಲಿಯ ಬೆಲೆಯ ಹಾಗೆ, ಎಂದು ಶುರು ಮಾಡಿದರು. ವೆಸ್ಟ್‌ಮಿನ್‌ಸ್ಟರ್ ಸರ್ಕಾರ ದುಡ್ಡು ಕೊಡುವುದಿಲ್ಲವಂತೆ, ಕೌನ್ಸಿಲ್ ಖರ್ಚು ಬಿಡುವುದಿಲ್ಲವಂತೆ, ಸರ್ಕಾರ ಕಟ್ಟುವ ಬಡ್ಡಿಯಲ್ಲೇ ಇನ್ನೊಂದು ಸರ್ಕಾರ ನಡೆಸಬಹುದಂತೆ. ಹೊಳ್ಳರಿಗೆ ಮಂಡಿ ನೋಯುತ್ತಿತ್ತು, ಒಳಗೆ ಕಾಫಿ ಆರುತ್ತಿತ್ತು. ಮಾತು ಮುಗಿಸುವ ಉದ್ದೇಶದಿಂದ ಅವರು, ನಮ್ಮ ಕಾಲದಲ್ಲಾದರೆ ಇಷ್ಟಕ್ಕೆಲ್ಲ ಜನ ಬೀದಿಗೆ ಇಳಿಯುತ್ತಿದ್ದರು, ತೊಂಬತ್ತರಲ್ಲಿ ತಲೆಗಂದಾಯ ಹಾಕಿದಾಗ ಇಳಿದಿದ್ದರಲ್ಲ, ಎಂದರು.

"ಅವತ್ತು ನೀವು ಇದ್ರಾ ಅಲ್ಲಿ?"

"ಇದ್ದೆ. ಟ್ರಫಾಲ್ಗರ್ ಸ್ಕ್ವೇರ್‌ನಲ್ಲೇ ಇದ್ದೆ," ಎಂದು ಹೇಳಿ ಹೊಳ್ಳರು ಬಿನ್ ಎಳೆದುಕೊಂಡು ಒಳಗೆ ಹೋದರು.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಒಂಬತ್ತು ಗಂಟೆಗೆ ಆ ಮಾತು ಕೆಂಟನ್ ಕನ್ನಡ ಬಳಗದ ವಾಟ್ಸಾಪಿನಲ್ಲಿತ್ತು. ಬಳಗದ ಕಾರ್ಯದರ್ಶಿ ಕಲ್ಯಾಣಿ ಬೆಂಗಳೂರಿನ ಹುಡುಗಿ, ಯಾವ ಕೆಲಸವನ್ನೂ ನಾಳೆಗೆ ಬಿಡುವವಳಲ್ಲ. ಯಾರದೋ ನಾಮಕರಣದಲ್ಲಿ ಹೊಳ್ಳರು ಜಿಲೇಬಿ ತಿನ್ನುತ್ತಿದ್ದ ಫೋಟೋ ಹುಡುಕಿ ತೆಗೆದು, ಜಿಲೇಬಿಯನ್ನು ಕತ್ತರಿಸಿ, 'ನಮ್ಮ ನಡುವಿನ ಹೋರಾಟಗಾರ' ಎಂದು ಹಾಕಿದಳು. ಆ ದಿನ ಮಧ್ಯಾಹ್ನ ಮೂರಕ್ಕೆ ಚರ್ಚಿನ ಹಾಲ್‌ನಲ್ಲಿ ತೆರಿಗೆಯ ಬಗ್ಗೆ ಸಾರ್ವಜನಿಕ ಚರ್ಚೆಯಿತ್ತು. ಕೌನ್ಸಿಲರ್ ಖುದ್ದಾಗಿ ಬರುವವರಿದ್ದರು. ಮಾತಾಡುವವರ ಪಟ್ಟಿಗೆ ಹೊಳ್ಳರ ಹೆಸರು ಸೇರಿಸಿಯಾಯಿತು ಎಂದು ಹತ್ತು ಗಂಟೆಗೆ ಅವಳದೇ ಫೋನ್ ಬಂತು. ಹೊಳ್ಳರು ಬೇಡಮ್ಮ ಎಂದರು. ಅಂಕಲ್ ಎಷ್ಟು ಸಿಂಪಲ್ ನೋಡಿ ಎಂದು ಅವಳು ಅದನ್ನೂ ಗ್ರೂಪಿಗೆ ಹಾಕಿದಳು.

ಗ್ರೂಪಿನಲ್ಲಿ ಮಾತು ದೋಸೆ ಹಿಟ್ಟಿನ ಹಾಗೆ ಉಬ್ಬಿತು. ಹತ್ತೂವರೆಗೆ ಹೊಳ್ಳರು ಪೊಲೀಸ್ ಕುದುರೆಯ ಲಗಾಮು ಹಿಡಿದು ನಿಲ್ಲಿಸಿದ್ದರು. ಹನ್ನೊಂದಕ್ಕೆ ಮೂರು ದಿನ ಜೈಲಿನಲ್ಲಿದ್ದರು. ಹನ್ನೊಂದೂಕಾಲಿಗೆ ಎದುರು ಮನೆಯ ಸಂಗಮೇಶ ಬಾಗಿಲು ತಟ್ಟಿದ. ಧಾರವಾಡದವನು, ಐಟಿ ಕೆಲಸಕ್ಕೆ ಬಂದು ಇಲ್ಲೇ ನಿಂತವನು. ಅಷ್ಟು ದಿನ 'ಹೊಳ್ಳರ' ಎನ್ನುತ್ತಿದ್ದವನು ಅವತ್ತು ಶೂ ಹೊರಗೆ ಬಿಟ್ಟು, ಕೈಮುಗಿದು, ಸೋಫಾದ ತುದಿಯಲ್ಲಿ ಕೂತ.

"ಸರ, ಜೈಲಿನ್ಯಾಗ ಊಟಕ್ಕ ಏನ್ ಕೊಡ್ತಿದ್ರರೀ?"

ಜೀವನದಲ್ಲಿ ಯಾರೂ ಹೊಳ್ಳರ ಮುಂದೆ ಹಾಗೆ ಸೋಫಾದ ತುದಿಯಲ್ಲಿ ಕೂತಿರಲಿಲ್ಲ. ಮೂವತ್ತೈದು ವರ್ಷ ಅವರು ಹೋಟೆಲಿನ ಅಡುಗೆಮನೆಯಲ್ಲಿದ್ದವರು. ಜನ ಅವರ ಸಾಂಬಾರನ್ನು ನೋಡಿದ್ದರು, ಅವರನ್ನು ನೋಡಿರಲಿಲ್ಲ. ಇಲ್ಲಪ್ಪ, ನಾನು ಜೈಲಿಗೇ ಹೋಗಿಲ್ಲ ಎನ್ನಲು ಬಾಯಿ ತೆರೆದರು. ಬಂದ ಮಾತು ಬೇರೆ.

"ಬ್ರೆಡ್ಡು," ಎಂದರು.

ಸಂಗಮೇಶ ತಲೆ ತಗ್ಗಿಸಿದ.

ಅವನು ಹೋದ ಮೇಲೆ ಹೆಂಡತಿ ವಸಂತಿ ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದರು. "ಮದಿ ಆಯಿ ಮೂವತ್ಮೂರ್ ವರ್ಷ ಆಯ್ತ್. ಜೈಲಿಗ್ ಹೋಯ್ ಬಂದದ್ ನಂಗೆ ಒಂದ್ ಮಾತ್ ಹೇಳ್ಲಿಲ್ಲೆ ಅಲ್ದಾ ನೀವು? ನನ್ನಪ್ಪಯ್ಯಂಗ್ ಗೊತ್ತಿದ್ರೆ ಹೆಣ್ಣ್ ಕೊಡ್ತಿರ್ಲಿಲ್ಲೆ."

"ನಾನ್ ಹೋಯ್ಲಿಲ್ಲೆ ಮಾರಾಯ್ತಿ. ಅವ್ರೇ ಕಳ್ಸಿದ್ದ್."

"ಹಂಗಾರೆ ಹೋಯ್ಲಿಲ್ಲೆ ಅಂದ್ ಹೇಳಿ ಕಾಂಬೊ."

ಹೇಳಲು ಸಮಯ ಸಿಗಲಿಲ್ಲ. ಆನಂದತೀರ್ಥರು ನಾಲ್ಕು ಹಾಳೆಯ ಭಾಷಣ ಬರೆದುಕೊಂಡು ಬಂದರು. ಎರಡು ಹಾಳೆ ಬರೀ ಅಂಕಿಗಳು. ಇದನ್ನು ಓದಿದರೆ ಕೌನ್ಸಿಲರ್ ಕುರ್ಚಿ ಬಿಟ್ಟು ಎದ್ದು ಹೋಗಬೇಕು ಎಂದರು. ನೀವೇ ಓದಿ ಎಂದು ಹೊಳ್ಳರು ಬೇಡಿಕೊಂಡರು. ನಾನು ಓದಿದರೆ ಅಂಕಿ, ನೀವು ಓದಿದರೆ ಚರಿತ್ರೆ ಎಂದು ಹಾಳೆಗಳನ್ನು ಅವರ ಕೋಟಿನ ಜೇಬಿಗೆ ತುರುಕಿ ಹೋದರು.

ಮೂರು ಗಂಟೆಗೆ ಚರ್ಚ್ ಹಾಲ್ ತುಂಬಿತ್ತು. ಪೇಟ ಸುತ್ತಿದವರು, ಗುಜರಾತಿ ಅಜ್ಜಿಯರು, ಮಳೆಕೋಟಿನ ಇಂಗ್ಲಿಷ್ ಮುದುಕರು, ಹಿಂದಿನ ಎರಡು ಸಾಲು ಪೂರ್ತಿ ಕನ್ನಡ ಬಳಗ. ಮೇಜಿನ ಹಿಂದೆ ಬೆಳ್ಳಿಕೂದಲಿನ ಕೌನ್ಸಿಲರಮ್ಮ. ಅವರ ಪಕ್ಕದಲ್ಲಿ ಕೊರಳಿಗೆ ನೀಲಿ ಪಟ್ಟಿಯ ಗುರುತಿನ ಚೀಟಿ ಹಾಕಿಕೊಂಡ ಕೌನ್ಸಿಲ್‌ನ ಅಧಿಕಾರಿಯೊಬ್ಬ, ಸಣ್ಣ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತ ಕೂತಿದ್ದ. ಒಬ್ಬರು ಎದ್ದು ಎಲ್ಲದಕ್ಕೂ ಈಗಿನ ಸರ್ಕಾರ ಕಾರಣ ಎಂದರು, ಇನ್ನೊಬ್ಬರು ಹಿಂದಿನ ಹದಿನಾಲ್ಕು ವರ್ಷ ಕಾರಣ ಎಂದರು. ಕೌನ್ಸಿಲರಮ್ಮ, ವೃದ್ಧರ ಆರೈಕೆಗೇ ಬಹುಪಾಲು ಹೋಗುತ್ತದೆ, ನಾವೇನು ಮಾಡೋಣ ಎಂದರು. ಅಲ್ಲಿದ್ದವರಲ್ಲಿ ಮುಕ್ಕಾಲು ಮಂದಿ ವೃದ್ಧರೇ ಆಗಿದ್ದರಿಂದ ಹಲವರು ಊರುಗೋಲನ್ನು ಕುರ್ಚಿಯ ಕೆಳಗೆ ಸರಿಸಿದರು.

ಆಗ ಹೊಳ್ಳರ ಹೆಸರು ಕರೆದರು. ಎದ್ದು ನಿಂತು ಕನ್ನಡಕಕ್ಕೆ ಜೇಬು ತಡವಿದರು. ಕನ್ನಡಕ ಮನೆಯಲ್ಲಿತ್ತು. ಆನಂದತೀರ್ಥರ ಅಂಕಿಗಳು ಸಾಸಿವೆ ಚೆಲ್ಲಿದ ಹಾಗೆ ಕಂಡವು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಸಂಗಮೇಶ, ಇವರು ತೊಂಬತ್ತರ ಹೋರಾಟದಲ್ಲಿ ಮೂರು ದಿನ ಜೈಲಿನಲ್ಲಿದ್ದವರು ಎಂದು ಇಂಗ್ಲಿಷಿನಲ್ಲಿ ಇಡೀ ಸಭೆಗೆ ತಿಳಿಸಿದ.

ಮುಂದಿನ ಸಾಲಿನಲ್ಲಿದ್ದ ಡೆರೆಕ್ ಎಂಬ ಮುದುಕ ತಿರುಗಿ ನೋಡಿದ. ಬಸ್ ಡ್ರೈವರ್ ಆಗಿದ್ದವನು, ಎಂಬತ್ತರ ಹತ್ತಿರ. ಅವನ ಮುಖ ಅರಳಿತ್ತು.

"ನಾನೂ ಅವತ್ತು ಒಳಗಿದ್ದೆ. ನಿಮ್ಮನ್ನು ಯಾವ ಸ್ಟೇಷನ್ನಿಗೆ ಒಯ್ದರು?"

ಹೊಳ್ಳರಿಗೆ ಲಂಡನ್ನಿನ ಎಲ್ಲ ಟ್ಯೂಬ್ ಸ್ಟೇಷನ್ನುಗಳ ಹೆಸರು ಗೊತ್ತಿತ್ತು, ಪೊಲೀಸ್ ಸ್ಟೇಷನ್ ಒಂದೂ ಗೊತ್ತಿರಲಿಲ್ಲ. ಆ ಮುದುಕನ ಕಣ್ಣಿನಲ್ಲಿ ಜೊತೆಯವನು ಸಿಕ್ಕನೆಂಬ ಸಂತೋಷ ಇತ್ತು. ಅದರ ಎದುರು ಇನ್ನೊಂದು ಸುಳ್ಳು ಹೇಳಲು ಅವರಿಂದ ಆಗಲಿಲ್ಲ.

"ನಾನು ಜೈಲಿಗೆ ಹೋಗಿಲ್ಲ," ಎಂದರು. "ಮೆರವಣಿಗೆಗೂ ಹೋಗಿಲ್ಲ. ನಾನು ಇಡ್ಲಿ ಒಯ್ಯುತ್ತಿದ್ದೆ."

ಮುಂದಿನದನ್ನು ಅವರು ತಮ್ಮ ಅಡುಗೆಮನೆಯ ಇಂಗ್ಲಿಷಿನಲ್ಲೇ ಹೇಳಿದರು. ಆಗ ಅವರು ಯೂಸ್ಟನ್ ಹತ್ತಿರದ ಒಂದು ಹೋಟೆಲಿನಲ್ಲಿದ್ದರು. ಕುಂದಾಪುರದಿಂದ ಬಂದು ಎರಡು ವರ್ಷ. ಹೋಟೆಲಿನ ಮೇಲಿನ ಒಂದೇ ಕೋಣೆಯಲ್ಲಿ ನಾಲ್ಕು ಜನ, ಇಬ್ಬರು ಮಲಗಿದರೆ ಇಬ್ಬರು ಕೂರಬೇಕು. ಊರಿಗೆ ಬರೆದ ಕಾಗದದಲ್ಲಿ ಮಾತ್ರ ಪ್ರತಿ ಸಲವೂ ಕ್ಷೇಮ. ಆ ಶನಿವಾರ ಸ್ಟ್ರಾಂಡ್ ಕಡೆಯ ಹಾಲ್ ಒಂದರಲ್ಲಿ ಯಾರದೋ ನಿಶ್ಚಿತಾರ್ಥ ಇತ್ತು. ನೂರಿಪ್ಪತ್ತು ಇಡ್ಲಿಯನ್ನು ಒದ್ದೆ ಬಟ್ಟೆ ಸುತ್ತಿ ಎರಡು ಸ್ಟೀಲ್ ಡಬ್ಬಿಗೆ ತುಂಬಿ, ಚಟ್ನಿಯನ್ನು ಬಕೆಟ್ಟಿಗೆ ಹಾಕಿ, ಧಣಿಗಳು ಇವರನ್ನು ಬಸ್ಸು ಹತ್ತಿಸಿದ್ದರು. ಟ್ರಫಾಲ್ಗರ್ ಸ್ಕ್ವೇರ್ ಸಮೀಪ ಬಸ್ಸು ನಿಂತಿತು. ಇಳಿದು ನೋಡಿದರೆ ಕಣ್ಣು ಹಾಯುವಷ್ಟು ದೂರ ಜನ. ಮುಂದೆಯೂ ಹೋಗುವಂತಿಲ್ಲ, ಹಿಂದೆಯೂ ಹೋಗುವಂತಿಲ್ಲ. ಗುಲಾಬಿ ಬಣ್ಣದ ಕೂದಲಿನ ಒಬ್ಬಳು ಹುಡುಗಿ ಪಕ್ಕದಲ್ಲಿ ಪಾದಚಾರಿ ದಾರಿಯ ಮೇಲೆ ಕೂತಿದ್ದಳು. ಕೆನಿಂಗ್ಟನ್‌ನಿಂದ ಮೆರವಣಿಗೆಯಲ್ಲಿ ನಡೆದು ಬಂದಿದ್ದಳಂತೆ. ಡಬ್ಬಿಯಲ್ಲಿ ಏನಿದೆ ಎಂದು ಕೇಳಿದಳು.

"ಅವಳ ಮುಖ ನೋಡಿದರೆ ಹಸಿವು ಅಂತ ಗೊತ್ತಾಗುತ್ತಿತ್ತು. ಒಂದು ಕೊಟ್ಟೆ. ಆಮೇಲೆ ಸಾಲು ನಿಂತರು. ಆ ಗದ್ದಲದ ನಡುವೆಯೂ ಇಂಗ್ಲಿಷ್ ಜನ ಸಾಲು ನಿಂತರು. ಒಬ್ಬ ಪೊಲೀಸಿನವನೂ ಹೆಲ್ಮೆಟ್ ತೆಗೆದು ಸಾಲಿನಲ್ಲಿ ನಿಂತ, ಅವನಿಗೂ ಎರಡು ಕೊಟ್ಟೆ. ನಿಶ್ಚಿತಾರ್ಥಕ್ಕೆ ಒಂದೂ ಮುಟ್ಟಲಿಲ್ಲ. ಧಣಿಗಳು ಎರಡು ವಾರದ ಸಂಬಳ ಹಿಡಿದರು. ಆದರೆ ಖಾಲಿ ಡಬ್ಬಿ ಹೊತ್ತು ಯೂಸ್ಟನ್ ತನಕ ನಡೆದು ಬರುವಾಗ ಈ ಊರು ನನ್ನದೂ ಹೌದು ಅಂತ ಮೊದಲ ಸಲ ಅನ್ನಿಸಿತು. ತೆರಿಗೆಯ ವಿಷಯ ನನಗೆ ತಿಳಿಯುವುದಿಲ್ಲ. ಆಗ ಜನ ಡಬ್ಬಿಯಲ್ಲಿ ಏನಿದೆ ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಈಗ ಹಾಗೆ ಕೇಳುವ ಲೈಬ್ರರಿ, ಹಾಲ್‌ನಂಥ ಜಾಗಗಳನ್ನೇ ಒಂದೊಂದಾಗಿ ಮುಚ್ಚುತ್ತಿದ್ದೀರಿ, ಬಿಲ್ ಮಾತ್ರ ಬೆಳೆಯುತ್ತಿದೆ. ಅಷ್ಟೇ ನಾನು ಹೇಳುವುದು."

ಡೆರೆಕ್ ಮೂಗು ಒರೆಸಿಕೊಂಡು, ನನಗೆ ಮಾತ್ರ ಅವತ್ತು ಇಡ್ಲಿ ಸಿಗಲಿಲ್ಲ ಎಂದ. ನಗು, ಚಪ್ಪಾಳೆ ಎರಡೂ ಒಟ್ಟಿಗೇ ಎದ್ದವು. ವಸಂತಿ ಹಿಂದಿನ ಸಾಲಿನಲ್ಲಿ ಸೆರಗಿನಿಂದ ಕಣ್ಣೊತ್ತಿಕೊಂಡದ್ದನ್ನು ಹೊಳ್ಳರು ಕಂಡರು. ಈ ಕತೆಯನ್ನೂ ಅವರು ಹೆಂಡತಿಗೆ ಹೇಳಿರಲಿಲ್ಲ. ಸಂಬಳ ಕಳೆದುಕೊಂಡ ಕತೆ ಹೇಳಿಕೊಳ್ಳುವಂಥದ್ದಲ್ಲ ಎಂದುಕೊಂಡಿದ್ದರು.

ಕೌನ್ಸಿಲರಮ್ಮನಿಗೂ ಮನಸ್ಸು ಕರಗಿರಬೇಕು. ಈಗಲೂ ಇಡ್ಲಿ ಮಾಡುತ್ತೀರಾ ಎಂದು ಕೇಳಿದರು. ಅಲ್ಲಿಗೆ ಹೊಳ್ಳರು ಕೂತಿದ್ದರೆ ಚೆನ್ನಾಗಿತ್ತು. ಆದರೆ ಅವರಿಗೆ ಅಂಥ ಚಪ್ಪಾಳೆ ಹೊಸದು. ಮಾಡುತ್ತೇನೆ, ಅದಕ್ಕೆಂದೇ ಹಿತ್ತಲಿನಲ್ಲಿ ಸ್ವಂತ ಕೈಯಿಂದ ಒಂದು ಶೆಡ್ ಕಟ್ಟಿದ್ದೇನೆ, ಗ್ರೈಂಡರಿನ ಸದ್ದು ಹೆಂಡತಿಗೆ ಆಗುವುದಿಲ್ಲ, ಅಲ್ಲಿ ಗ್ಯಾಸ್ ಒಲೆ ಇದೆ, ಪಾತ್ರೆ ತೊಳೆಯಲು ಸಿಂಕ್ ಇದೆ, ಮಧ್ಯಾಹ್ನ ಅಡ್ಡಾಗಲು ಒಂದು ಮಂಚವೂ ಇದೆ, ಯಾರು ಬೇಕಾದರೂ ಬನ್ನಿ ಎಂದು ಇಡೀ ಸಭೆಯನ್ನು ಕರೆದರು. ನೀಲಿ ಪಟ್ಟಿಯವನ ಪೆನ್ನು ನೋಟ್‌ಬುಕ್ಕಿನ ಮೇಲೆ ಓಡತೊಡಗಿತು.

ಚಹಾ ಬಿಸ್ಕತ್ತಿನ ಹೊತ್ತಿಗೆ ಆತನೇ ಹತ್ತಿರ ಬಂದ. ಅಳತೆ ತೆಗೆಯುವ ದರ್ಜಿಯಷ್ಟು ವಿನಯ. ಶೆಡ್ಡಿಗೆ ಪ್ರತ್ಯೇಕ ಬಾಗಿಲು ಇದೆಯೇ ಎಂದು ಕೇಳಿದ. ಎರಡಿವೆ ಎಂದರು ಹೊಳ್ಳರು. ಶೌಚಾಲಯ? ಇದೆ, ಶವರ್ ಕೂಡ ಇದೆ, ಬಿಸಿನೀರು ಚೆನ್ನಾಗಿ ಬರುತ್ತದೆ ಎಂದರು. ಆತ ಮೆಚ್ಚುಗೆಯಿಂದ ತಲೆಯಾಡಿಸಿ, ಹಾಗಾದರೆ ಒಲೆ, ಮಂಚ, ಶೌಚಾಲಯ ಎಲ್ಲ ಇರುವುದರಿಂದ ಕಾನೂನಿನ ಪ್ರಕಾರ ಅದು ಇನ್ನೊಂದು ಮನೆಯೇ ಆಗಬಹುದು ಎಂದ. ಅಳತೆಗೆ ಯಾರಾದರೂ ಬರುತ್ತಾರೆ, ಬೇರೆ ಬ್ಯಾಂಡ್, ಅಂದರೆ ತೆರಿಗೆಯ ದರ್ಜೆ, ಗೊತ್ತುಮಾಡುತ್ತಾರೆ, ಅದಕ್ಕೆ ಬೇರೆ ಬಿಲ್. ಮನೆಯವರೇ ಬಳಸುವುದಾದರೆ ಅರ್ಜಿ ಕೊಡಿ, ಅರ್ಧ ರಿಯಾಯಿತಿ ಸಿಗಬಹುದು. ಬಂದವರು ಹೇಗೂ ಆ ಬೀದಿಯ ಉಳಿದ ಹಿತ್ತಲುಗಳನ್ನೂ ಒಮ್ಮೆ ನೋಡಿಕೊಂಡು ಹೋಗುತ್ತಾರೆ.

ಹೊಳ್ಳರು ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು. ಬಿಲ್ ಇಳಿಸಲು ಬಂದವರು ಒಂದೂವರೆ ಬಿಲ್ ಹೊತ್ತು ಹೊರಟಿದ್ದರು.

ಮನೆಗೆ ನಡೆದು ಬರುವಾಗ ಆನಂದತೀರ್ಥರು ಮೊತ್ತಮೊದಲ ಬಾರಿಗೆ ಮಾತಾಡಲಿಲ್ಲ. ಬೀದಿಯ ತಿರುವಿನಲ್ಲಿ ಮಾತ್ರ, ಉಳಿದ ಹಿತ್ತಲು ಎಂದರೆ ಪಕ್ಕದ ಹಿತ್ತಲೂ ಸೇರುತ್ತದೆಯೇ ಎಂದು ಕೇಳಿದರು. ಅವರ ಶೆಡ್ಡಿನಲ್ಲಿ ಎರಡು ವರ್ಷದಿಂದ ಒಬ್ಬ ವಿದ್ಯಾರ್ಥಿ ಬಾಡಿಗೆಗಿದ್ದ. ಸಂಗಮೇಶ ತನ್ನ ಶೆಡ್ಡನ್ನು ಊರಿಂದ ಬಂದ ಅತ್ತೆಗೆ ಬಿಟ್ಟುಕೊಟ್ಟು ಅಲ್ಲೇ ಅಡುಗೆಗೂ ಏರ್ಪಾಡು ಮಾಡಿದ್ದ. ಅದೇ ಬೀದಿಯ ಕಲ್ಯಾಣಿಯ ಶೆಡ್ಡಿನಿಂದ ವಾರಕ್ಕೆ ನಲವತ್ತು ಟಿಫಿನ್ ಹೊರಡುತ್ತಿತ್ತು. ಮೂವರೂ ಬೇಗ ಬೇಗ ಮನೆ ಸೇರಿದರು. ಬಳಗದ ಗ್ರೂಪಿನಿಂದ 'ಹೋರಾಟಗಾರ' ಫೋಟೋ ಐದು ಗಂಟೆಗೆ ಮಾಯವಾಯಿತು.

ಐದೂವರೆಗೆ, ಇನ್ನೂ ಬೆಳಕಿದ್ದಾಗಲೇ, ಹಿತ್ತಲ ಬಾಗಿಲಿನಲ್ಲಿ ಸದ್ದಾಯಿತು. ಆನಂದತೀರ್ಥರು ಎರಡು ಬರ್ನರಿನ ಒಲೆಯನ್ನು ಎದೆಗವುಚಿಕೊಂಡು ನಿಂತಿದ್ದರು.

"ಹೊಳ್ಳರೇ, ನಿಮ್ಮದು ಹೇಗೂ ಗೊತ್ತಾಗಿಹೋಗಿದೆ. ನಮ್ಮದು ಒಂದು ನಾಲ್ಕು ದಿನ ಇಲ್ಲಿರಲಿ."

ಅವರ ಹಿಂದೆ ಆ ವಿದ್ಯಾರ್ಥಿಯ ಮಡಚುವ ಮಂಚ ಬಂತು. ಅದರ ಹಿಂದೆ ಸಂಗಮೇಶ ಮೈಕ್ರೋವೇವ್ ಹೊತ್ತು, ಅತ್ತೆಯ ಒಲೆಯನ್ನು ಅತ್ತೆಯ ಕೈಯಲ್ಲೇ ಹೊರಿಸಿಕೊಂಡು ಬಂದ. ಕಲ್ಯಾಣಿ ಮೂರು ಒಲೆ ತಂದಳು. ಅಂಕಲ್, ಸಂಡೇ ಆರ್ಡರ್‌ಗೆ ಒಂದನ್ನ ಹಚ್ಕೊಂಡ್ರೆ ಪರವಾಗಿಲ್ವಾ ಎಂದೂ ಕೇಳಿದಳು. ಹೊಳ್ಳರ ಬೇಡ ಎಂಬ ಮಾತು ಬೆಳಿಗ್ಗೆಯೂ ನಡೆದಿರಲಿಲ್ಲ, ಆಗಲೂ ನಡೆಯಲಿಲ್ಲ. ಗ್ರೈಂಡರ್ ಎಲ್ಲಿ ಹೋಯಿತೆಂದೇ ಕಾಣದ ಹಾಗೆ ಶೆಡ್ ತುಂಬಿತು. ವಸಂತಿ ಬಾಗಿಲಲ್ಲಿ ನಿಂತು, "ಇಲ್ಲ್ ಹೋಟ್ಲೇ ಇಡ್ಲಕ್ಕ್ ಕಾಣಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಆರು ಗಂಟೆಗೆ ಮುಂಬಾಗಿಲ ಬೆಲ್ ಸದ್ದಾಯಿತು. ನೀಲಿ ಪಟ್ಟಿಯ ಅಧಿಕಾರಿ ಟೇಪು ಹಿಡಿದು ನಗುತ್ತ ನಿಂತಿದ್ದ. ತನ್ನ ಮನೆಯೂ ಇದೇ ಕಡೆಯಂತೆ. ಸೋಮವಾರ ಇನ್ನೊಬ್ಬರನ್ನು ಕಳಿಸಿ ನಿಮಗೆ ತೊಂದರೆ ಕೊಡುವ ಬದಲು, ದಾರಿಯಲ್ಲೇ ಒಮ್ಮೆ ನೋಡಿಕೊಂಡು, ಅರ್ಧ ರಿಯಾಯಿತಿಗೆ ತಾನೇ ಬರೆದುಬಿಡೋಣ ಎಂದುಕೊಂಡನಂತೆ. ಅಷ್ಟು ಒಳ್ಳೆಯ ಮನುಷ್ಯನನ್ನು ಬಾಗಿಲಲ್ಲೇ ಹೇಗೆ ನಿಲ್ಲಿಸುವುದು?

ಹಿತ್ತಲಿಗೆ ಬರುವಷ್ಟರಲ್ಲಿ ಆನಂದತೀರ್ಥರು ಬೇಲಿ ದಾಟಿದ್ದರು. ಎಪ್ಪತ್ತರ ವಯಸ್ಸಿನಲ್ಲಿ ಅವರು ಹೇಗೆ ದಾಟಿದರೋ ಯಾರೂ ನೋಡಲಿಲ್ಲ. ಸಂಗಮೇಶನೂ ಇರಲಿಲ್ಲ, ಕಲ್ಯಾಣಿಯೂ ಇರಲಿಲ್ಲ. ಸಂಗಮೇಶನ ಅತ್ತೆ ಮಾತ್ರ ದಣಿದು ಮಡಚುವ ಮಂಚದ ಮೇಲೆ ನಿದ್ದೆ ಹೋಗಿದ್ದರು.

ಅಧಿಕಾರಿ ಶೆಡ್ಡಿನ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. ಟೇಪನ್ನು ಜೇಬಿಗೆ ಹಾಕಿಕೊಂಡು ನೋಟ್‌ಬುಕ್ ತೆಗೆದ. ಮಲಗಿದವರಿಗೆ ಎಚ್ಚರವಾಗದಂತೆ ದನಿ ತಗ್ಗಿಸಿ ಕೇಳಿದ.

"ಮಿಸ್ಟರ್ ಹೊಳ್ಳ, ಇಲ್ಲಿ ಒಟ್ಟು ಎಷ್ಟು ಸಂಸಾರ ವಾಸವಾಗಿವೆ?"

ಹೊಳ್ಳರೂ ಆತನ ಪಕ್ಕದಲ್ಲಿ ನಿಂತು ಒಲೆಗಳನ್ನು ಎಣಿಸತೊಡಗಿದರು.